ಗೇಟಿನವರೆಗಿನ ನಾಲ್ಕು ನಿಮಿಷ

ಬೆಳಿಗ್ಗೆ ಕಾರು ಹತ್ತುವ ಮುನ್ನ ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆಯೇ; ಆದರೆ ಬಿಸಿಯಿದ್ದರೆ ನನಗೆ ಸಮಾಧಾನ, ತಣ್ಣಗಿದ್ದರೆ ಕೀಲಿ ತಿರುಗಿಸಲು ಮನಸ್ಸೇ ಬರುವುದಿಲ್ಲ. ರಾತ್ರಿಯೆಲ್ಲ ಬಯಲಲ್ಲಿ ನಿಂತ ಕಾರು ಬೆಳಿಗ್ಗೆ ಬಿಸಿಯಿರುವುದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ಆದ್ದರಿಂದ ನನ್ನ ಸಮಾಧಾನಕ್ಕೂ ಅವಕಾಶವಿಲ್ಲ. ಎದುರು ಮನೆಯ ಗೌರಮ್ಮ ಇದನ್ನು ಬಹಳ ದಿನ ನೋಡಿ, "ಟೀಚರು ದಿನಾ ಗಾಡಿಗೆ ನಮಸ್ಕಾರ ಮಾಡೇ ಹೊರಡೋದು, ಅಷ್ಟು ಭಕ್ತಿ" ಎಂದು ಬೀದಿಗೆಲ್ಲ ಹೇಳಿದ್ದರು. ಭಕ್ತಿಯಲ್ಲ, ಭಯ ಎಂದು ತಿದ್ದಲು ನನಗೆ ಧೈರ್ಯ ಬರಲಿಲ್ಲ.

ಹೆದರುವ ವಿಷಯದಲ್ಲಿ ನಾನು ಹೊಸಬಳಲ್ಲ. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಕಿಟಕಿ ಬಾಗಿಲು ಎಲ್ಲ ತೆರೆದು ಅಪ್ಪನನ್ನು ಅಂಗಳಕ್ಕೆ ಕಳಿಸುತ್ತೇನೆ. ಲಿಫ್ಟಿನಲ್ಲಿ ಒಬ್ಬಳೇ ಹೋಗುವುದಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಕಾರು ಕಲಿತು ಚಿತ್ರದುರ್ಗಕ್ಕೆ ಲೈಸೆನ್ಸಿನ ಪರೀಕ್ಷೆಗೆ ಹೋದ ದಿನ ಅಲ್ಲಿನ ಅಧಿಕಾರಿ, "ಮೇಡಂ, ಉಸಿರು ಬಿಡ್ರಿ" ಎಂದ ಮೇಲೆಯೇ ನಾನು ಉಸಿರು ಬಿಗಿಹಿಡಿದಿದ್ದೇನೆಂದು ನನಗೆ ತಿಳಿದದ್ದು. ಆದರೂ ಪಾಸು ಮಾಡಿದರು. ಇಷ್ಟು ಹೆದರುವವಳು ಯಾರನ್ನೂ ಗುದ್ದಲಾರಳು ಎಂದುಕೊಂಡಿರಬೇಕು.

ನಮ್ಮ ಮನೆ ಚಿಕ್ಕಜಾಜೂರಿನಲ್ಲಿ, ರೈಲು ಹಳಿಯ ಈಚೆ. ನಾನು ಪಾಠ ಮಾಡುವ ಪ್ರಾಥಮಿಕ ಶಾಲೆ ಹಳಿಯ ಆಚೆಗಿನ ಒಂದು ಹಳ್ಳಿಯಲ್ಲಿ. ನಡುವೆ ರೈಲ್ವೆ ಗೇಟು. ಯಜಮಾನರಿಗೆ ಹಿರಿಯೂರು ಪಕ್ಕದ ಬಬ್ಬೂರಿನಲ್ಲಿ ಕೆಲಸ; ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೇ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ನಾನು, ಅಪ್ಪ. ಅಪ್ಪನ ಮೊಣಕಾಲು ಕೈಕೊಟ್ಟಿತು, ಒಂದು ಕಣ್ಣಿಗೆ ಪೊರೆ ಬಂತು, ಗೇಟಿನಾಚೆಯ ಬಸ್ ನಿಲ್ದಾಣದವರೆಗೆ ನಡೆಯುವುದು ಕಷ್ಟವಾಯಿತು. ಹೀಗಾಗಿ ಹೊಸದುರ್ಗದ ಪರಿಚಯದವರೊಬ್ಬರಿಂದ ಹನ್ನೊಂದು ವರ್ಷ ಓಡಿದ ಬಿಳಿ ಕಾರೊಂದನ್ನು ಕೊಂಡೆವು. ಬೇಸಿಗೆಯಲ್ಲಿ ಕೊಂಡದ್ದು. ಮಳೆಗಾಲ ಮುಗಿಯುವವರೆಗೆ ಅದು ಬಂಗಾರದಂತಿತ್ತು.

ಕಾರ್ತಿಕದ ಚಳಿ ಬಿದ್ದ ಮೇಲೆ ಅದರ ಗುಟ್ಟು ಗೊತ್ತಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ನು ಎದ್ದು ಕೂರುತ್ತಿತ್ತು, ಆದರೆ ಮೈಮೇಲೆ ಬಂದವರ ಹಾಗೆ ಅದುರುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿ ಅಲುಗಿ ಅಲುಗಿ ನನ್ನ ಕಡೆ ಬೆನ್ನು ತಿರುಗಿಸುತ್ತಿದ್ದ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಎಂಜಿನ್ನು ಎರಡು ಸಲ ಕೆಮ್ಮಿ ನಿಂತೇಹೋಗುತ್ತಿತ್ತು. ಐದಾರು ನಿಮಿಷ ಓಡಿ ಬಿಸಿಯಾಯಿತೋ, ಏನೂ ನಡೆದೇ ಇಲ್ಲವೆಂಬಂತೆ ಮೆತ್ತಗಾಗುತ್ತಿತ್ತು. ಐದಾರು ನಿಮಿಷ ತಾನೇ ಎನ್ನುತ್ತೀರಿ. ನಮ್ಮ ಮನೆಯಿಂದ ರೈಲ್ವೆ ಗೇಟಿಗೆ ನಾಲ್ಕು ನಿಮಿಷ.

ಆ ಲೆಕ್ಕ ನನಗಲ್ಲದೆ ಬೇರೆಯವರಿಗೆ ಹೊಳೆಯುತ್ತಿರಲಿಲ್ಲವೇನೋ. ನಾನು ಗೇಟಿನಲ್ಲೇ ಬೆಳೆದವಳು. ಅಪ್ಪ ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದರು. ಚಿತ್ರದುರ್ಗದ ಕಡೆ ಹೋಗುವ ಲೈನಿನಲ್ಲಿ, ಸುತ್ತ ಶೇಂಗಾ ಹೊಲಗಳ ನಡುವೆ ಒಂದು ಗೇಟು. ಅದರ ಪಕ್ಕ ಗೇಟ್‌ಮನ್ ಕೂರುವ ಹಳದಿ ಬಣ್ಣದ ಗುಮಟಿ. ಹಿಂದೆ ಎರಡು ಕೋಣೆಯ ಮನೆ. ಬೇರೆ ಮಕ್ಕಳಿಗೆ ಗುಮ್ಮ ಇರುವಂತೆ ನನಗೆ ಫೋನಿನ ಗಂಟೆಯಿತ್ತು. ಸ್ಟೇಷನ್ನಿನಿಂದ ಗಂಟೆ ಬಾರಿಸಿತೆಂದರೆ ಅಪ್ಪ ಅರ್ಧ ತುತ್ತು ಬಿಟ್ಟು ಏಳುತ್ತಿದ್ದರು. ಎಂದೂ ನನ್ನ ಮೇಲೆ ಕೈಯೆತ್ತದ ಅಪ್ಪ ಒಂದೇ ಒಂದು ಸಲ ಹೊಡೆದಿದ್ದಾರೆ. ಹಳಿಯ ಮೇಲೆ ಕೂತು ಹುಣಸೆಹಣ್ಣು ತಿನ್ನುತ್ತಿದ್ದೆ. ಬಾಸುಂಡೆ ಮಾಯುವ ತನಕ ಅಪ್ಪ ನನಗಿಂತ ಹೆಚ್ಚು ಅತ್ತರೆಂದು ಅಮ್ಮ ಹೇಳುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಮಗ್ಗಿಯ ಜೊತೆ ಇನ್ನೊಂದು ಪಾಠವನ್ನೂ ಒಪ್ಪಿಸಬೇಕಿತ್ತು.

"ಗಾಡಿ ಹಳಿ ಮ್ಯಾಲೆ ನಿಂತ್ರೆ ಮೊದ್ಲು ಏನ್ಮಾಡ್ಬೇಕು?"

"ಜನ ಇಳಿಸ್ಬೇಕು."

"ಸಾಮಾನು?"

"ಸಾಮಾನು ಮುಟ್ಬಾರ್ದು."

"ಆಮ್ಯಾಲೆ?"

"ರೈಲು ಬರೋ ದಿಕ್ಕಿಗೆ ಕೆಂಪು ಹಿಡ್ಕಂಡು ಓಡ್ಬೇಕು."

ಎಂಟು ವರ್ಷದ ಹುಡುಗಿಗೆ ಹೇಳಿಕೊಡುವ ಪಾಠವೇ ಇದು ಎಂದು ಅಮ್ಮ ಬೈಯುತ್ತಿದ್ದಳು. ಅಂಥ ಮನೆಯಿಂದ ಬಂದವಳಿಗೆ, ಗೇಟಿನ ಹತ್ತಿರ ಕೆಮ್ಮುವ ಕಾರು ಸಿಕ್ಕಿತ್ತು.

ಮೊದಲು ನಾನೇ ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಕಾರು ತೆಗೆದು ನಮ್ಮ ಬೀದಿಯಲ್ಲೇ ಎರಡು ಸುತ್ತು ಹಾಕುವುದು, ಬಿಸಿಯಾದ ಮೇಲೆ ಗೇಟಿನ ಕಡೆ ತಿರುಗಿಸುವುದು. ಮೂರನೆಯ ದಿನಕ್ಕೆ ಅಪ್ಪ ಕೇಳಿದರು: "ಏನೇ ರತ್ನಿ, ದಿನಾ ಪ್ರದಕ್ಷಿಣೆ ಹಾಕ್ತೀಯಲ್ಲ, ದೇವ್ರು ಎಲ್ಲೈತೆ?" ಬ್ಯಾಟರಿ ಚಾರ್ಜ್ ಆಗಲಿಕ್ಕೆ ಎಂದು ಸುಳ್ಳು ಹೇಳಿದೆ. ಗೇಟು ದಾಟುವ ಕಾರು ಕೈಕೊಡುತ್ತದೆ ಎಂದು ತಿಳಿದರೆ ಅಪ್ಪ ಅದನ್ನು ಅಂಗಳದಿಂದ ಕದಲಲು ಬಿಡುವವರಲ್ಲ.

ಯಜಮಾನರು ಬಬ್ಬೂರಿನಿಂದ ಫೋನಿನಲ್ಲೇ ಪರೀಕ್ಷೆ ಮಾಡಿದರು. ಎಂಜಿನ್ನಿನ ಹತ್ತಿರ ಫೋನು ಹಿಡಿ ಅಂದರು, ಹಿಡಿದೆ. "ಪೆಟ್ರೋಲಲ್ಲಿ ನೀರು ಸೇರೈತೆ" ಎಂದರು. ಶನಿವಾರ ಬಂದವರು ಭಾನುವಾರ ಹತ್ತು ಗಂಟೆಯ ಬಿಸಿಲಿಗೆ ಸ್ಟಾರ್ಟ್ ಮಾಡಿ, "ಎಲ್ಲೈತೆ ಅದುರೋದು? ನಿನ್ನ ಕೈ ಅದುರ್ತಿರ್ಬೇಕು ನೋಡು" ಎಂದು ನಕ್ಕರು. ಚಿತ್ರದುರ್ಗದ ದೊಡ್ಡ ಗ್ಯಾರೇಜೊಂದಕ್ಕೆ ಒಯ್ದೆ. ಅಲ್ಲಿ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ನೋಡಿದವರು ತೆರೆಯನ್ನು ನನ್ನ ಕಡೆ ತಿರುಗಿಸಿ, "ಯಾವ ಪ್ರಾಬ್ಲಮ್ಮೂ ತೋರಿಸ್ತಿಲ್ಲ ಮೇಡಂ" ಎಂದರು. ಪಾಪ, ಅವರ ತಪ್ಪೇನು? ಅಷ್ಟು ದೂರ ಓಡಿ ಬಂದ ಕಾರು ಬೆಚ್ಚಗೆ, ಸಾಧುವಾಗಿ ನಿಂತಿತ್ತು. ಡಾಕ್ಟರ ಮುಂದೆ ಜ್ವರ ಬಿಟ್ಟ ಮಗುವನ್ನು ಎತ್ತಿಕೊಂಡ ತಾಯಿಯ ಹಾಗೆ ನಾನು, "ಇಲ್ಲ ಸರ್, ಬೆಳಿಗ್ಗೆ ತುಂಬಾ ಇತ್ತು" ಎನ್ನುತ್ತಿದ್ದೆ.

ನನ್ನ ಮಾತನ್ನು ನಂಬಿದವನು ಹೊಳಲ್ಕೆರೆಯ ಮೆಕ್ಯಾನಿಕ್ ಜಬೀವುಲ್ಲಾ ಒಬ್ಬನೇ. ಮತ್ತೋಡಿನಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುತ್ತ ಬೆಳೆದು, ಹೊಳಲ್ಕೆರೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡವನು, ನನ್ನದೇ ವಯಸ್ಸು. ಬಾನೆಟ್ಟು ಎತ್ತಲೇ ಇಲ್ಲ. ಮುಟ್ಟಿ ನೋಡಿ ಕೈ ಒರೆಸಿಕೊಂಡ.

"ಅಕ್ಕ, ಇದು ಬಿಸಿ ಐತೆ. ಬಿಸಿ ಗಾಡಿ ನಿಜ ಹೇಳಾದಿಲ್ಲ. ನಂಗೆ ತಣ್ಣಗಿರೋ ಗಾಡಿ ಬೇಕು. ಒಂದು ರಾತ್ರಿ ಇಲ್ಲೇ ಬಿಟ್ಟೋಗ್ರಿ. ಇಲ್ಲಾಂದ್ರೆ ನಾನೇ ಬೆಳಿಗ್ಗೆ ನಿಮ್ಮನೆ ತಾವ ಬರ್ತೀನಿ."

"ದೊಡ್ಡದೇನಾದ್ರೂ ಇರ್ಬಹುದಾ ಜಬೀ?"

"ಇದ್ರೂ ಇರ್ಬಹುದು. ನೋಡ್ದೆ ಹೆಂಗೆ ಹೇಳ್ಲಿ? ಎಂಜಿನ್ ಬಿಚ್ಚೋದೂ ಬರ್ಬಹುದು."

ಆ ಕೊನೆಯ ಮಾತಿಗೆ ನಾನು ಹೆದರಿದೆ. ಮುಂದಿನ ವಾರ ಹೇಳುತ್ತೇನೆ ಎಂದು ಬಂದವಳು ಹೇಳಲಿಲ್ಲ. ಒಂದು ವಾರ ಎರಡಾಯಿತು, ಸಂಕ್ರಾಂತಿಯೂ ಕಳೆಯಿತು. ಗೊತ್ತಾಗುವವರೆಗೆ ದೊಡ್ಡದೇನೂ ಇಲ್ಲ ಎಂದುಕೊಳ್ಳಬಹುದಲ್ಲ ಎಂಬ ಹೇಡಿತನ ನನ್ನದು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಗುರುವಾರ ಮಂಜು ಕವಿದಿತ್ತು. ಅಪ್ಪ ಕಣ್ಣು ತೋರಿಸಲು ಹೊಳಲ್ಕೆರೆಗೆ ಹೋಗಬೇಕಿತ್ತು. ಗೇಟಿನ ಆಚೆಯ ನಿಲ್ದಾಣದಲ್ಲಿ ಅವರನ್ನು ಬಸ್ಸು ಹತ್ತಿಸಿದರೆ, ಅಲ್ಲಿ ಇಳಿಸಿಕೊಳ್ಳಲು ನನ್ನ ಚಿಕ್ಕಪ್ಪ ಬರುವವರಿದ್ದರು. ಹೊರಡುವಾಗಲೇ ತಡವಾಗಿತ್ತು. ಬಸ್ಸು ತಪ್ಪಬಾರದೆಂದು ಅಂದು ಬೀದಿಯ ಎರಡು ಸುತ್ತು ಬಿಟ್ಟೆ. ಹಿಂದಿನ ಸೀಟಿನಲ್ಲಿ ಶಾಲೆಯ ವೇದಿಕೆ ಮೇಜಿಗೆ ಹಾಸುವ ಕೆಂಪು ಬಟ್ಟೆ, ಒಗೆದು ಮಡಿಸಿದ್ದು. ಮುಂದಿನ ಸೀಟಿನಲ್ಲಿ ಮಫ್ಲರು ಸುತ್ತಿಕೊಂಡ ಅಪ್ಪ. ಕಾರು ಗಡಗಡ ನಡುಗುತ್ತಿತ್ತು.

"ಇದೇನೇ ಹಿಂಗೆ ಅದುರ್ತೈತೆ?"

"ಚಳಿಗೆ ಅಪ್ಪ."

ಗೇಟು ತೆರೆದಿತ್ತು. ನಮ್ಮ ಮುಂದೆ ಒಂದು ಕುರಿಮಂದೆ ಹಳಿ ದಾಟುತ್ತಿತ್ತು. ಮುಂದಿನ ದಾರಿ ಖಾಲಿಯಾಗುವ ತನಕ ಗೇಟಿನೊಳಗೆ ಕಾಲಿಡಬಾರದೆಂಬುದು ನನಗೆ ಗೊತ್ತಿಲ್ಲದ್ದೇ? ಆದರೆ ನಿಂತರೆ ಎಂಜಿನ್ನು ಆರಿಹೋಗುತ್ತದೆಂಬ ಹೆದರಿಕೆ. ಮಂದೆಯ ಹಿಂದೆಯೇ ಕಾರನ್ನು ಹಳಿಗೆ ಹತ್ತಿಸಿಬಿಟ್ಟೆ. ಕೊನೆಯಲ್ಲೊಂದು ಕುರಿ ಹಠಾತ್ತನೆ ತಿರುಗಿ ನಿಂತಿತು. ಬ್ರೇಕು ಒತ್ತಿದೆ. ಕಾರು ಎರಡು ಸಲ ಕೆಮ್ಮಿ ಹಳಿಗಳ ನಡುವೆ ಸತ್ತುಹೋಯಿತು.

ಕೀಲಿ ತಿರುಗಿಸಿದೆ. ಗುರ್ರ್ ಎಂದಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ನನ್ನ ಕಿವಿಯಲ್ಲಿ ಗಂಟೆ ಬಾರಿಸತೊಡಗಿತು. ಗುಮಟಿಯದ್ದೋ ನನ್ನ ತಲೆಯೊಳಗಿನದ್ದೋ ತಿಳಿಯಲಿಲ್ಲ. ಗೇಟು ತೆರೆದಿದ್ದಾಗ ರೈಲಿಗೆ ಸಿಗ್ನಲ್ ಸಿಗುವುದಿಲ್ಲ, ಗೇಟು ಮುಚ್ಚಿ ಬೀಗ ಬಿದ್ದ ಮೇಲೆಯೇ ಸಿಗ್ನಲ್ ಬಿಡುವುದು, ಈಗಿನ ಏರ್ಪಾಡೇ ಹಾಗೆ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಕಾಲು ಕೇಳುತ್ತಿರಲಿಲ್ಲ.

"ಅಪ್ಪ, ಇಳೀರಿ" ಎಂದು ಕೂಗಿದೆ. ಅವರ ಬಾಗಿಲು ತೆರೆದ ಸದ್ದಾಯಿತು. ಹಿಂದಿನ ಬಾಗಿಲೂ ತೆರೆದು ಮುಚ್ಚಿದಂತಾಯಿತು. ನಾನು ತಿರುಗಿ ನೋಡಲಿಲ್ಲ.

ಗೇಟ್‌ಮನ್ ಲೋಕೇಶಿ ಓಡಿ ಬಂದ. ಸೈನ್ಯದಲ್ಲಿದ್ದು ಬಂದವನು, ಗಟ್ಟಿ ಆಳು. ಕುರಿಯವನು ಕೋಲು ಬಿಸಾಕಿ ಬಂದ. ಹಿಂದಿನಿಂದ ಬೈಕಿನವರೊಬ್ಬರು ಇಳಿದರು. "ನ್ಯೂಟ್ರಲ್ ಹಾಕ್ರಿ ಟೀಚರ್!" ಹಾಕಿದೆ. ಮೂವರೂ ನೂಕಿದರು, ಕಾರು ಕದಲಲಿಲ್ಲ. "ಹ್ಯಾಂಡ್‌ಬ್ರೇಕ್ ಬಿಡ್ರಿ ತಾಯಿ!" ಎಂದು ಲೋಕೇಶಿ ಕಿರುಚಿದಾಗ ಗೊತ್ತಾಯಿತು, ಯಾವಾಗಲೋ ಅದನ್ನು ಎರಡು ಕೈಯಿಂದ ಎಳೆದು ಕೂತಿದ್ದೆ. ಬಿಟ್ಟೆ. ಕಾರು ಉರುಳಿ ಆಚೆಯ ಇಳಿಜಾರಿಗೆ ಬಂದು ರಸ್ತೆ ಬದಿಗೆ ನಿಂತಿತು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಲೋಕೇಶಿ ಗುಮಟಿಗೆ ಓಡಿ ಫೋನೆತ್ತಿದ. "ಗೂಡ್ಸು ಬಂದು ಸಿಗ್ನಲ್ಲಲ್ಲಿ ನಿಂತೈತಂತೆ, ಗೇಟು ಹಾಕ್ತೀನಿ" ಎಂದು ಹ್ಯಾಂಡಲ್ ತಿರುಗಿಸತೊಡಗಿದ. ಗೇಟಿನ ಕಂಬ ಇಳಿಯತೊಡಗಿತು. ಆಗ ನಾನು ಅಪ್ಪನಿಗಾಗಿ ನೋಡಿದೆ.

ಅಪ್ಪ ಇರಲಿಲ್ಲ. ಕಾರಿನ ಹತ್ತಿರ ಇಲ್ಲ, ಗುಮಟಿಯ ಕಟ್ಟೆಯ ಮೇಲಿಲ್ಲ. ಹಿಂದಿನ ಸೀಟು ಖಾಲಿ. ಕೆಂಪು ಬಟ್ಟೆಯೂ ಇಲ್ಲ. ಕುರಿಯವನು ಚಿತ್ರದುರ್ಗದ ದಿಕ್ಕಿಗೆ ಕೈ ತೋರಿಸಿ, "ವಯಸ್ಸಾದ ಯಜಮಾನ್ರು ಹಳಿ ಹಿಡ್ಕಂಡು ಅಕ್ಕಡೆ ಹೋದ್ರು" ಎಂದ. ಮಂಜಿನೊಳಗೆ, ಬಹಳ ದೂರದಲ್ಲಿ, ಎರಡು ಹಳಿಗಳ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಅಲುಗುತ್ತಿತ್ತು. ಅದರಾಚೆ ಎಲ್ಲೋ ಎಂಜಿನ್ನು ಉದ್ದಕ್ಕೆ ಕೂಗಿತು.

ಅಪ್ಪನ ಕಾಲದ ಗೇಟಿಗೂ ಸಿಗ್ನಲ್ಲಿಗೂ ಸಂಬಂಧವೇ ಇರಲಿಲ್ಲ. ಗೇಟು ತೆರೆದಿದ್ದರೂ ರೈಲು ಬರಬಹುದಿತ್ತು. ಅವರು ತಮಗೆ ಗೊತ್ತಿದ್ದ ಕೆಲಸವನ್ನು ಮಾಡಲು ಹೋಗಿದ್ದರು, ಪೊರೆ ಬಂದ ಕಣ್ಣಿನಲ್ಲಿ, ಬಗ್ಗದ ಮೊಣಕಾಲಿನಲ್ಲಿ. ಈಗ ಗೇಟು ಮುಚ್ಚಿದರೆ ಸಿಗ್ನಲ್ ಹಸಿರಾಗುತ್ತದೆ. ಹಸಿರಾದರೆ ರೈಲು ಹೊರಡುತ್ತದೆ.

"ಲೋಕೇಶಿ, ಗೇಟು ಹಾಕ್ಬೇಡ! ಅಪ್ಪ ಹಳಿ ಮೇಲೈತೆ!"

ನಾನು ಯಾವತ್ತೂ ಅಪ್ಪನನ್ನು ಹಾಗೆ 'ಐತೆ' ಎಂದವಳಲ್ಲ. ಲೋಕೇಶಿ ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿ, ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದ. "ನಾನು ಗೇಟು ಬಿಟ್ಟು ಬರಂಗಿಲ್ಲ. ನೀವು ಹೋಗ್ರಿ. ನೀವಿಬ್ರೂ ಇಲ್ಲಿಗೆ ಬರೋ ತನ್ಕ ಯಾವನು ಹೇಳಿದ್ರೂ ಗೇಟು ಹಾಕಾದಿಲ್ಲ!" ಎಂದು ಫೋನಿನ ಕಡೆ ಓಡಿದ.

ಓಡಿದೆ. ಜಲ್ಲಿಕಲ್ಲಿನ ಮೇಲೆ ಓಡಿದವರಿಗೆ ಗೊತ್ತು, ಅದು ಓಟವಲ್ಲ. ಸೀರೆಯ ನೆರಿಗೆ ಬಾಯಲ್ಲಿ ಕಚ್ಚಿಕೊಂಡಿದ್ದೆನೆಂದು ಕುರಿಯವನು ಆಮೇಲೆ ಹೇಳಿದ. ಒಂದು ಚಪ್ಪಲಿ ಎಲ್ಲೋ ಹೋಯಿತು. ಮಂಜಿನಲ್ಲಿ ರೈಲಿನ ದೀಪ ಹಳದಿಯಾಗಿ ಹರಡಿ ನಿಂತಿತ್ತು. ನಿಂತಿದೆಯೋ ಬರುತ್ತಿದೆಯೋ ಎದುರಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ನಾನು ಎರಡನೆಯದನ್ನೇ ನಂಬಿದ್ದೆ.

ಅಪ್ಪ ರೈಲಿನ ಕಡೆ ಮುಖ ಮಾಡಿ, ಮೇಜಿನ ಬಟ್ಟೆಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ತಿರುಗದೆಯೇ ಬೈದರು.

"ಜಲ್ಲಿ ಮ್ಯಾಲೆ ಓಡ್ಬೇಡ್ವೇ! ಹಳಿ ಕೆಳಗಿನ ಸ್ಲೀಪರ್ ಮ್ಯಾಲೆ ಕಾಲಿಡು!"

"ಅಪ್ಪ, ಬರ್ರಿ. ಗಾಡಿ ತೆಗೆದಾಯ್ತು."

"ತೆಗೆದಾಯ್ತಾ? ನೀನು ನೋಡಿದ್ಯಾ, ಇಲ್ಲ ಯಾರಾದ್ರೂ ಹೇಳಿದ್ರಾ?"

"ನಾನೇ ನೋಡ್ದೆ. ಹಳಿ ಖಾಲಿ ಐತೆ."

"ಗೇಟ್‌ಮನ್ ನೋಡಿದ್ನಾ?"

"ನೋಡಿದ ಅಪ್ಪ, ನೋಡಿದ!" ನಾನು ಅಳುತ್ತಿದ್ದೆ. ಅವರು ಬಟ್ಟೆಯನ್ನು ಇಳಿಸಿದ್ದು ಆಗ ಮಾತ್ರ. ಅಲ್ಲಿಯೂ ಅದನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. ಹಳಿಯಿಂದ ಇಳಿಸಿ ಪಕ್ಕದ ಕಾಲುದಾರಿಯಲ್ಲಿ ಕರೆತರುವಾಗ ಅವರ ಭಾರವೆಲ್ಲ ನನ್ನ ಭುಜದ ಮೇಲಿತ್ತು. ಹೋಗುವಾಗ ಅಷ್ಟು ದೂರ ಆ ಮೊಣಕಾಲು ಹೇಗೆ ನಡೆಯಿತೋ. ನಾವು ಗುಮಟಿ ಮುಟ್ಟಿದ ಮೇಲೆ ಲೋಕೇಶಿ ಗೇಟು ಹಾಕಿದ. ಗೂಡ್ಸು ನಿಧಾನವಾಗಿ ಬಂತು. ಡ್ರೈವರು ಕಿಟಕಿಯಿಂದ ಬಗ್ಗಿ ನೋಡಿದರು. ಅಪ್ಪ ನೆಟ್ಟಗೆ ನಿಂತು ಕೈ ಎತ್ತಿದರು. ಲೋಕೇಶಿ ಅವರನ್ನು ಬೈಯಲು ಬಾಯಿ ತೆರೆದವನು, "ಟೀ ಕುಡೀರಿ, ಕುಂತ್ಕಳ್ರಿ" ಎಂದಷ್ಟೇ ಹೇಳಿದ.

ಆ ಸಂಜೆಯೇ ಜಬೀವುಲ್ಲಾನಿಗೆ ಫೋನು ಮಾಡಿದೆ. ಶುಕ್ರವಾರ ಅವನಿಗೆ ಬಿಡುವಿರಲಿಲ್ಲ. ಶನಿವಾರ ಬೆಳಿಗ್ಗೆ ಆರಕ್ಕೆ ಮುಂಚೆ ಬೈಕಿನಲ್ಲಿ ಬಂದ, ಕಿವಿಗೆ ಟವೆಲ್ಲು ಸುತ್ತಿಕೊಂಡು. "ಯಾರೂ ಸ್ಟಾರ್ಟ್ ಮಾಡಿಲ್ಲ ತಾನೆ?" ಎಂಬುದೇ ಅವನ ಮೊದಲ ಮಾತು. ಬಾನೆಟ್ಟು ಎತ್ತಿ ಒಂದು ತಗಡಿನ ಮರೆ ಬಿಚ್ಚಿದ. ಒಳಗೆ ಹೊಗೆ ಹೋಗುವ ನಾಲ್ಕು ಕಬ್ಬಿಣದ ಕೊಳವೆಗಳು, ನಾಲ್ಕು ಸಿಲಿಂಡರಿಗೆ ಒಂದೊಂದು. ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ ಹೊರತೆಗೆದ. ಲ್ಯಾಪ್‌ಟಾಪ್ ಇಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ಈಗ ಹಚ್ರಿ ಅಕ್ಕ."

ಹಚ್ಚಿದೆ. ಕಾರು ನಡುಗಿತು. ಅರ್ಧ ನಿಮಿಷ ಬಿಟ್ಟು ಅವನು ಒಂದೊಂದು ಕೊಳವೆಯ ಮೇಲೂ ಒಂದೊಂದು ಹನಿ ಬಿಟ್ಟ. ಮೊದಲನೆಯದು ಚುಂಯ್ ಎಂದಿತು. ಎರಡನೆಯದೂ ಚುಂಯ್. ಮೂರನೆಯದರ ಮೇಲೆ ಹನಿ ಹಾಗೇ ಕೂತಿತ್ತು. ನಾಲ್ಕನೆಯದು ಮತ್ತೆ ಚುಂಯ್.

"ಸಿಕ್ಕಿದ ನೋಡ್ರಿ. ಮೂರನೇದು ಇನ್ನೂ ಎದ್ದಿಲ್ಲ. ಅಲ್ಲಿ ಬೆಂಕಿ ಹತ್ತಿಲ್ಲ."

ಅಪ್ಪ ಕುರ್ಚಿ ಹಾಕಿಸಿಕೊಂಡು ಬಾನೆಟ್ಟಿನ ಪಕ್ಕದಲ್ಲೇ ಕೂತಿದ್ದರು. ಕಣ್ಣು ಮಂಜಾದರೂ ಕಿವಿ ಚುರುಕು. ಗೇಟಿನಲ್ಲಿದ್ದಾಗ ಗಂಟೆಗೂ ಮೊದಲು ಅವರಿಗೆ ರೈಲು ಕೇಳುತ್ತಿತ್ತು. ಜಬೀವುಲ್ಲಾ ಎಂಜಿನ್ನಿನ ಇನ್ನೊಂದು ಮಗ್ಗುಲಿಗೆ ಬಾಗಿ, ಗಾಳಿ ಒಳಗೆ ಹೋಗುವ ಕೊಳವೆಗಳು ಎಂಜಿನ್ನಿಗೆ ಕೂಡುವ ಸಂದಿಗೆ ನೀರು ಚಿಮುಕಿಸುತ್ತ ಹೋದ. "ಯಜಮಾನ್ರೇ, ಸದ್ದು ಬದ್ಲಾದ್ರೆ ಹೇಳ್ರಿ."

"ಇಲ್ಲ... ಇಲ್ಲ... ಹಾಂ! ಈಗ ನೆಟ್ಟಗಾಯ್ತು ನೋಡು. ಹೋಯ್ತು. ಇನ್ನೊಂದು ಸಲ ಹಾಕು. ಹಾಂ, ನೆಟ್ಟಗಾಯ್ತು!"

ಮೂರನೆಯ ಕೊಳವೆಯ ಸಂದಿಯಲ್ಲಿದ್ದ ಗ್ಯಾಸ್ಕೆಟ್ಟು, ಕಾಗದದಂಥ ತೆಳು ಪಟ್ಟಿ, ಒಂದು ಕಡೆ ಹರಿದಿತ್ತು. ಕಬ್ಬಿಣ ತಣ್ಣಗಿದ್ದಾಗ ಆ ಸಂದಿ ಬಿಟ್ಟುಕೊಂಡು ಬೇಡದ ಗಾಳಿ ಒಳಗೆ ನುಗ್ಗುತ್ತಿತ್ತು. ಬಿಸಿಯಾದ ಮೇಲೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತಿತ್ತು. ನೀರು ಬಿದ್ದಾಗ ಒಂದು ಕ್ಷಣ ಸಂದಿ ತುಂಬಿ ಎಂಜಿನ್ನು ಸರಿಹೋಗುತ್ತಿತ್ತು. ಎಂಜಿನ್ನನ್ನೇ ಬಿಚ್ಚುವ ಮಾತು ಬರಲೇ ಇಲ್ಲ. ಮಧ್ಯಾಹ್ನದೊಳಗೆ ಹೊಸ ಪಟ್ಟಿ ಹಾಕಿ ಮುಗಿಸಿದ. ಹರಿದದ್ದನ್ನು ನನ್ನ ಅಂಗೈ ಮೇಲಿಟ್ಟ. ಇಷ್ಟನ್ನು ತಿಳಿಯಲು ಹೆದರಿ ನಾನು ಎಪ್ಪತ್ತೆಂಟು ವರ್ಷದ ಅಪ್ಪನನ್ನು ರೈಲಿನೆದುರು ನಿಲ್ಲಿಸಿದ್ದೆ. ಅಪ್ಪ ಆ ಮಾತೇ ಎತ್ತಲಿಲ್ಲ. "ನಾನು ಹೇಳಿದ್ಮ್ಯಾಲೇ ಅವ್ನಿಗೆ ಸಿಕ್ಕಿದ್ದು" ಎಂದು ಗೌರಮ್ಮನಿಗೆ ಹೇಳುತ್ತಿದ್ದರು.

ಗುರುವಾರ ತಪ್ಪಿದ ಕಣ್ಣಿನ ತಪಾಸಣೆಗೆ ಸೋಮವಾರ ಬೆಳಿಗ್ಗೆ ಅಪ್ಪ ಹೊಳಲ್ಕೆರೆಗೆ ಹೊರಟರು. ಅದೇ ಚಳಿ, ಅಷ್ಟೇ ಮಂಜು. ಕೀಲಿ ತಿರುಗಿಸಿದೆ, ಎಂಜಿನ್ನು ಒಂದೇ ಸಮನೆ ಓಡಿತು. ಗೇಟಿನ ಮುಂದೆ ನಿಂತು ಎರಡೂ ಕಡೆ ನೋಡಿ, ಆಚೆಯ ದಾರಿ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು ದಾಟಿದೆ. ಲೋಕೇಶಿ ಗುಮಟಿಯಿಂದ ಕೈ ಬೀಸಿದ. ಎಲ್ಲ ಮುಗಿಯಿತು ಎಂದುಕೊಂಡು ಇಳಿಜಾರಿಗೆ ಬಂದೆ. ಅಪ್ಪ ತಲೆ ವಾರೆ ಮಾಡಿ ಆಲಿಸಿದರು.

"ಏನೋ ಗಿಲಗಿಲ ಅಂತೈತಲ್ಲೇ. ಇನ್ನೂ ಏನೋ ಸಡ್ಲ ಐತೆ."

ನಾನೂ ಕೇಳಿಸಿಕೊಂಡೆ. ಸ್ಟೀರಿಂಗಿನ ಮೇಲೆ ನನ್ನ ಎರಡೂ ಕೈ ನಡುಗುತ್ತಿದ್ದವು.

"ಗಾಡಿ ಅಲ್ಲ ಅಪ್ಪ. ನನ್ನ ಬಳೆ."

ಅಪ್ಪ ನನ್ನ ಬಳೆಗಳ ಕಡೆ ತಿರುಗಿ ನೋಡಿದರು. ಆಮೇಲೆ, "ಪಕ್ಕಕ್ಕೆ ಹಾಕು. ಆಫ್ ಮಾಡು. ಒಸಿ ಕುಂತು ಹೋಗಾಣ" ಎಂದರು. ನಿಲ್ಲಿಸಿದೆ. ಗುರುವಾರ ಬಾರದ ನಡುಕ ಅಂದು ಬಂದಿತ್ತು. ಅಪ್ಪ ಮುಂದಿನ ಗಾಜನ್ನೇ ನೋಡುತ್ತ ಹೇಳಿದರು: "ನಂಗೂ ಹಿಂಗೇ ಆಗ್ತಿತ್ತು. ರೈಲು ಬರೋ ತನ್ಕ ಏನೂ ಇಲ್ಲ. ಅದು ಹೋದ್ಮ್ಯಾಲೆ ಹ್ಯಾಂಡಲ್ ಹಿಡ್ಕಣಾಕೂ ಆಗ್ತಿರ್ಲಿಲ್ಲ. ನಿಮ್ಮಮ್ಮಂಗೂ ಹೇಳಿರ್ಲಿಲ್ಲ."

ಮೊದಲ ಬಸ್ಸು ಹೋಯಿತು. ನಾವು ಕೂತೇ ಇದ್ದೆವು. ಅವರನ್ನು ಎರಡನೆಯ ಬಸ್ಸಿಗೆ ಹತ್ತಿಸಿ ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು. ಹೆಡ್‌ಮಾಸ್ತರು ಹಾಜರಿ ಪುಸ್ತಕ ನನ್ನ ಕಡೆ ಸರಿಸಿ, "ಏನ್ ಟೀಚರ್, ಮತ್ತೆ ಗಾಡಿ ಕೆಟ್ಟಿತ್ತಾ?" ಎಂದು ಕೇಳಿದರು.

"ಇಲ್ಲ ಸರ್, ಗಾಡಿ ಚೆನ್ನಾಗಿತ್ತು" ಎಂದು ಸಹಿ ಹಾಕಿದೆ.